ಆ ದಿನ ಅಭ್ಯಾಸವಿರಲಿಲ್ಲ

ಅಣ್ಣಾ,

ಎರಡು ನಲವತ್ತಕ್ಕೆ ಸೀಟಿ ಕೇಳಿ ಎದ್ದು ಕೂತೆ. ಮಗಳು ನಿದ್ದೆಯಲ್ಲಿ ಹೊರಳಿ ರಬ್ಬರ್ ಬಾತುಕೋಳಿಯನ್ನು ಅದುಮಿದ್ದಳು, ಅಷ್ಟೆ. ಆದರೆ ಅಷ್ಟರಲ್ಲಿ ಈಜುಕೊಳದ ಅಂಚಿನಲ್ಲಿ ನಿಂತವಳಂತೆ ಬೆನ್ನು ನೆಟ್ಟಗೆ ಮಾಡಿದ್ದೆ. ಕಾಲೇಜು ಬಿಟ್ಟು ಆರು ವರ್ಷವಾದರೂ ಕೋಚ್ ಸರ್ ಸೀಟಿ ನನ್ನ ಮೈಬಿಟ್ಟು ಹೋಗಿಲ್ಲ.

ಅವರನ್ನು ಪೊಲೀಸರು ಹಿಡಿದ ಸುದ್ದಿಯನ್ನು ಪೂರ್ತಿ ಓದದೆ ಮೂರು ವಾರ ತಪ್ಪಿಸಿಕೊಂಡಿದ್ದೆ. ನಿದ್ದೆ ಬಾರದೆ ಮೊಬೈಲಿನಲ್ಲಿ ನಿನ್ನೆಯ ಪೇಪರ್ ತೆರೆದೆ. ಅಲ್ಲೊಂದು ಹಾಳೆಯ ಚಿತ್ರ. ನಮ್ಮ ಈಜು ತಂಡದ ಹಾಜರಿ ಹಾಳೆ. 'ಈ ದಿನ ಅಭ್ಯಾಸವಿರಲಿಲ್ಲ' ಎಂದು ಬರೆದು, ಕೆಳಗೆ ತಂಡದ ನಾಯಕಿಯ ಸಹಿ. ಒದ್ದೆ ಕೈ ತಾಗಿ ಶಾಯಿ ಕದಡಿದೆ. ಅದು ನನ್ನ ಕೈ, ಅಣ್ಣಾ.

ಪರೀಕ್ಷೆಯ ವಾರ ಅಭ್ಯಾಸ ಮಾಡಿಸಬಾರದೆಂಬುದು ನಿಮ್ಮ ಕ್ರೀಡಾ ಒಕ್ಕೂಟದ್ದೇ ನಿಯಮ. ನಾವು ಕದ್ದು ಈಜುತ್ತಿದ್ದೆವು. ಸರ್ ಹಾಳೆ ಚಾಚಿ, "ಹಾಕಮ್ಮ ನಾಯಕಿ, ನಿಯಮ ಬರೆದೋರು ಬಂದು ಈಜ್ತಾರಾ?" ಅನ್ನುತ್ತಿದ್ದರು. ನಗುತ್ತಾ ಸಹಿ ಹಾಕುತ್ತಿದ್ದೆ. ಆ ಸಂಜೆಯೂ ಹಾಕಿದೆ. ಆಮೇಲೆ ಅವರು ಮೊದಲ ವರ್ಷದ ಹುಡುಗಿಯೊಬ್ಬಳನ್ನು, ನಾವೆಲ್ಲ ಚೂಟಿ ಅನ್ನುತ್ತಿದ್ದವಳನ್ನು, ಸಾಮಾನು ಕೋಣೆಗೆ ಕರೆದೊಯ್ದದ್ದನ್ನು ನೋಡಿದೆ. ಅದರಲ್ಲೇನಿದೆ ಎಂದು ತಲೆ ಒರೆಸಿಕೊಂಡು ಮನೆಗೆ ಬಂದೆ.

ಮರುವಾರ ಚೂಟಿ ಕಾಲೇಜು ಬಿಟ್ಟಳು. "ಅಭ್ಯಾಸ ತಡ್ಕೊಳ್ಳೋಕಾಗ್ಲಿಲ್ಲ, ಓಡಿಹೋದ್ಲು" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅವಳು ಪ್ರಾಂಶುಪಾಲರ ಮುಂದೆ ನಿಂತು ಎಲ್ಲವನ್ನೂ ಹೇಳಿದ್ದಳೆಂದು ತಿಳಿದದ್ದು ಈಗ, ಈ ಮಂಚದ ಮೇಲೆ. ಅವರು ನನ್ನ ಹಾಳೆ ತೋರಿಸಿ, "ಆ ದಿನ ಅಭ್ಯಾಸವೇ ಇರಲಿಲ್ಲವಲ್ಲಮ್ಮ" ಎಂದರಂತೆ. ಅವಳ ನಂತರ ಇನ್ನೂ ಮೂವರಂತೆ. ಮೂವರು!

ನಿನ್ನೆ ಊಟಕ್ಕೆ ಬಂದ ನೀನು ನಿನ್ನ ಸೋದರ ಸೊಸೆಯನ್ನು ತೊಡೆಯ ಮೇಲೆ ಕುಣಿಸುತ್ತಾ, "ಅವನನ್ನ ಪೊಲೀಸರು ಎಳ್ಕೊಂಡು ಹೋದ್ರಲ್ಲ, ತಂಡಾನ ಯಾಕೆ ನಿಷೇಧಿಸ್ಬೇಕು? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗೆ" ಎಂದೆ. ನಾನೂ ಹೌದು ಅಂದೆ. ಈಗ ಈಜುತ್ತಿರುವ ಮಕ್ಕಳನ್ನು ನೆನೆದರೆ ಈಗಲೂ ಸಂಕಟವೇ. ಅವರನ್ನು ಬೇರೆ ಕಾಲೇಜಿನಿಂದ ಈಜಲು ಬಿಡಿ. ಆದರೆ ಕೆಡುಕು ಮಾಡಿದವನು ಒಬ್ಬ, ಮುಚ್ಚಿದವರು ಎಷ್ಟೊಂದು ಜನ. ಪ್ರಾಂಶುಪಾಲರು, ಗುಮಾಸ್ತರು, ಏನೂ ಕೇಳದ ನಾನು. ಎಲ್ಲ ಕಾಲೇಜಿನ ಗಾಜಿನ ಕಪಾಟಿನಲ್ಲಿರುವ ಐದು ಟ್ರೋಫಿಗಳಿಗಾಗಿ. ಅವನು ಜೈಲಿಗೆ ಹೋದ, ಕಪಾಟಿಗೇನಾಯಿತು? ಅದು ಹಾಗೇ ಹೊಳೆಯುತ್ತಿದ್ದರೆ ನಾಳೆ ಇನ್ನೊಬ್ಬ ಕೊರಳಿಗೆ ಸೀಟಿ ಕಟ್ಟಿಕೊಂಡು ಬರುತ್ತಾನೆ.

ತಂಡವನ್ನು ನಿಷೇಧಿಸಬೇಕೇ ಎಂಬುದಕ್ಕೆ ನಿಮ್ಮ ಶಿಸ್ತು ಸಮಿತಿಯಲ್ಲಿ ಇಬ್ಬರು ಆ ಕಡೆ, ಇಬ್ಬರು ಈ ಕಡೆ. ಬೆಳಿಗ್ಗೆ ಹತ್ತಕ್ಕೆ ಐದನೆಯ ಮತ ನಿನ್ನದು, ಅದನ್ನು ನಿಷೇಧಕ್ಕೇ ಹಾಕು.

ಇಷ್ಟನ್ನೇ ಬರೆಯಬೇಕೆಂದು ಕೂತಿದ್ದೆ. ಬರೆಯುತ್ತಾ ಇನ್ನೊಂದು ಹೊಳೆಯಿತು. ಆ ಹಾಳೆಯಿರುವ ಕಡತ ಹದಿನೈದು ದಿನದಿಂದ ನಿನ್ನ ಮೇಜಿನ ಮೇಲಿದೆ. ನನಗೆ ಸಹಿ ಹಾಕಲು ಕಲಿಸಿದವನೇ ನೀನು. "ಬಾಲ ಎಳೆದು ಎರಡು ಚುಕ್ಕಿ ಇಡೇ ಕಪ್ಪೆ, ಯಾರಿಗೂ ನಕಲು ಮಾಡೋಕಾಗಲ್ಲ." ನಿನ್ನೆ ಹೊರಡುವಾಗ ನೀನು ನಮ್ಮ ಪೇಪರಿನ, ಹಾಳೆಯ ಚಿತ್ರವಿದ್ದ ಆ ಒಂದು ಪುಟವನ್ನು ಮಾತ್ರ ಮಡಚಿ ಜೇಬಿಗಿಟ್ಟುಕೊಂಡೆ. "ಬಸ್ಸಲ್ಲಿ ಓದ್ತೀನಿ" ಅಂದೆ. ಬಸ್ಸಿನಲ್ಲಿ ಓದಿದರೆ ನಿನಗೆ ತಲೆ ಸುತ್ತುತ್ತದೆ, ಅಣ್ಣಾ. ಚಿಕ್ಕಂದಿನಿಂದಲೂ.

ನಿಷೇಧ ಬೇಡವೆಂದು ನನ್ನನ್ನು ಕಾಪಾಡುತ್ತಿದ್ದೀಯಾ? ಪ್ರಾಂಶುಪಾಲರೂ ತಮ್ಮವರನ್ನೇ ಕಾಪಾಡಿದ್ದು.

ಬೇಡ. ಹತ್ತಕ್ಕೆ ಮಗುವನ್ನು ಎತ್ತಿಕೊಂಡೇ ಸಮಿತಿಯ ಮುಂದೆ ಬಂದು, ಆ ಹಾಳೆ ಸುಳ್ಳು, ಸಹಿ ನನ್ನದು ಎಂದು ಹೇಳುತ್ತೇನೆ. ಮತಕ್ಕೆ ಮೊದಲು ನೀನೂ 'ಇವಳು ನನ್ನ ತಂಗಿ' ಅನ್ನು. ಆಮೇಲೆ ಅವರು ನಿನ್ನನ್ನು ಸಮಿತಿಯಲ್ಲಿ ಕೂರಿಸಲಿ, ಎಬ್ಬಿಸಲಿ.

ಬಾಯಿಬಿಟ್ಟರೆ ಅಳು ಬರುತ್ತದೆಂದು ಬರೆದು ಮೊಬೈಲಿಗೆ ಕಳಿಸುತ್ತಿದ್ದೇನೆ. ಐದಕ್ಕೆ ಏಳುತ್ತೀಯ. ದೇವರು ನಿನ್ನ ನಾಲಿಗೆಗೆ ಬಲ ಕೊಡಲಿ. ಬೆಳಕು ಹರಿಯುವ ಮೊದಲು ಫೋನ್ ಮಾಡು. ಆ ಸಹಿ ನೋಡಿರಲಿಲ್ಲ ಅನ್ನು. ನೋಡಿದ್ದರೂ ಸರಿ, ಮಾಡು. ದಮ್ಮಯ್ಯ, ಫೋನ್ ಮಾಡು.

ಕಾಯುತ್ತಾ ಕೂತ,
ನಿನ್ನ ಕಪ್ಪೆ