ಏಳನೇ ತಟ್ಟೆ

ತಿಕೋಟಾ,
೧೮ ಏಪ್ರಿಲ್ ೨೦೨೫, ಶುಕ್ರವಾರ

ಪ್ರೀತಿಯ ಮಗಳು ಸಮ್ರೀನಾಗೆ ನಿನ್ನ ಹಸನಸಾಬ ಚಾಚಾನ ಸಲಾಂ ಮತ್ತು ತುಂಬು ಮನಸ್ಸಿನ ದುವಾ.

ಹೇಗಿದ್ದೀ ಮಗಳೇ? ಮೈಸೂರಿನ ನೀರು ಒಗ್ಗಿತೇ? ಅಲ್ಲಿ ಸಾರಿಗೂ ಬೆಲ್ಲ ಹಾಕುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿ ನಿನ್ನ ಚಾಚಿ ರಾಜಬಿ ಎರಡು ದಿನ ನೆಟ್ಟಗೆ ಉಂಡಿಲ್ಲ. ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇನ್ನೂ ಉಳಿದಿವೆಯೋ, ಇಲ್ಲ ಹಾಸ್ಟೆಲ್ಲಿನ ಹುಡುಗಿಯರು ಮೊದಲ ದಿನವೇ ಡಬ್ಬಿ ತೊಳೆದಿಟ್ಟರೋ ಬರಿ. ಪರೀಕ್ಷೆಗೆಂದು ಒಯ್ದ ಹೋದ ವರ್ಷದ ಒಣದ್ರಾಕ್ಷಿಯನ್ನು ಅಲ್ಲಿನ ಪ್ರಯೋಗಾಲಯದಲ್ಲಿ ದಿನವಿಡೀ ಬಗ್ಗಿ ನೋಡುತ್ತ ಕುಳಿತರೆ ಕುತ್ತಿಗೆ ಹಿಡಿಯುತ್ತದೆ, ನಡುನಡುವೆ ಎದ್ದು ಓಡಾಡು. ಇಲ್ಲಿ ಎಲ್ಲರೂ ಆರಾಮ. ಚಾಚಿಯ ಮೊಣಕಾಲು ಹತ್ತುವಾಗ ಮಾತ್ರ ನೋಯುತ್ತದೆ, ಬೈಯುವಾಗ ನೋಯುವುದಿಲ್ಲ. ನನ್ನ ವಿಷಯ ಕೇಳಬೇಡ, ಐವತ್ತೆಂಟು ತುಂಬಿದರೂ ಹೋದ ವಾರ ಒಬ್ಬನೇ ಶೆಡ್ಡಿನ ಮೇಲೆ ಹತ್ತಿ ಹರಿದ ನೆರಳು ಪರದೆ ಕಟ್ಟಿ ಇಳಿದೆ. ಇಳಿಯುವಾಗ ಏಣಿ ಹಿಡಿಯಲು ನಾಲ್ಕು ಮಂದಿ ಬಂದಿದ್ದರು ಎಂದು ಚಾಚಿ ಹೇಳಿದರೆ ನಂಬಬೇಡ. ಇಬ್ಬರೇ ಬಂದಿದ್ದರು.

ಫೋನು ಇರುವಾಗ ಈ ಮನುಷ್ಯ ಪತ್ರ ಯಾಕೆ ಬರೆದ ಎಂದು ನಗುತ್ತಿದ್ದೀ ಎಂದು ಗೊತ್ತು. ಒಂದು ಕಾರಣ, ನನ್ನ ಅಕ್ಷರ. ಉರ್ದು ನಾಲಿಗೆಯ ಮೇಲೆ ಮಾತ್ರ ಇದೆ, ಕನ್ನಡ ಕೈಯಲ್ಲಿದೆ. ಊರ ಸಾಲೆಯಲ್ಲಿ ಈರಯ್ಯ ಮಾಸ್ತರರು ಏಳನೇ ಇಯತ್ತೆಯ ಇಡೀ ಕೋಣೆಗೆ ನನ್ನ ಪಾಟಿ ಎತ್ತಿ ತೋರಿಸಿ, "ಇಂವನ ತೆಲಿ ಬಿಡ್ರಿ, ಅಕ್ಷರ ನೋಡ್ರಿ" ಎಂದಿದ್ದರು. ಎರಡನೆಯ ಕಾರಣ, ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದದ್ದನ್ನು ಬಿಟ್ಟು ಬೇರೆ ಏನೋ ಹೇಳುತ್ತೇನೆ. ನಿಮ್ಮ ಸಂಶೋಧನೆ ನೋಡಲು ಬಂದಿದ್ದ ಸಮಿತಿಯವರು ಒಪ್ಪಿದರು, ಇನ್ನೂ ಎರಡು ವರ್ಷ ಅನುದಾನ ಸಿಗುತ್ತದೆ ಎಂದು ನಿನ್ನ ಗೈಡ್ ವಿದ್ಯಾವತಿ ಮೇಡಂ ಬುಧವಾರವೇ ನಿನಗೆ ತಿಳಿಸಿದ್ದಾರೆ. ಅದು ಹೇಗಾಯಿತು ಎಂಬುದನ್ನು ಹೇಳಿಲ್ಲ. "ಉಳಿದಿದ್ದು ನೀವ ಹೇಳ್ರಿ, ಅದು ನಿಮ್ಮ ಕೆಲಸ" ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಆದ್ದರಿಂದ ಇವತ್ತು ಜುಮ್ಮಾ ನಮಾಜು ಮುಗಿಸಿ ಬಂದು ಕುಳಿತಿದ್ದೇನೆ.

ಹೋದ ಶನಿವಾರ ಮೇಡಂ ನನ್ನನ್ನು ನಿಮ್ಮ ಕಾಲೇಜಿಗೆ ಕರೆಸಿದ್ದರು. ಸಮಿತಿಯವರು ಮಂಗಳವಾರ ನಮ್ಮ ಶೆಡ್ಡಿಗೇ ಬರುತ್ತಾರಂತೆ, ಅವರ ಮುಂದೆ ನಾನು ಫಲಾನುಭವಿ ರೈತನಾಗಿ ನಿಲ್ಲಬೇಕಂತೆ. ಈ ಸಂಶೋಧನೆಯಿಂದ ಸಮಾಜಕ್ಕೆ ಏನು ಉಪಯೋಗ ಎಂದು ಅವರ ಫಾರಂನಲ್ಲಿ ಒಂದು ಕಾಲಂ ಇದೆ, ಆ ಕಾಲಂ ನಾನು. ಅಂಕ ಕಡಿಮೆ ಬಿದ್ದರೆ ನಿಮ್ಮ ಸಂಶೋಧನಾ ಕೇಂದ್ರದ ಅನುದಾನ ನಿಲ್ಲುತ್ತದೆ, ಅದರ ಜೊತೆಗೆ ನಿನ್ನ ಪಿಎಚ್.ಡಿ.ಯೂ ಎಂದು ಅವತ್ತೇ ತಿಳಿಯಿತು. ಆಮೇಲೆ ನಿನಗೆ ಉಳಿಯುವುದು ನಿನ್ನ ಅಬ್ಬಾ ಜಲನಗರದಲ್ಲಿ ನೋಡಿಟ್ಟಿರುವ ಸಾಲೆಯ ನೌಕರಿ. ನೌಕರಿ ಕೆಟ್ಟದ್ದಲ್ಲ ಮಗಳೇ. ಆದರೆ ಗಂಧಕದ ಹೊಗೆಯಿಲ್ಲದೆ ದ್ರಾಕ್ಷಿ ಒಣಗಿಸಬಹುದು ಎಂದು ಮೂವತ್ತು ವರ್ಷ ಒಣಗಿಸಿದವನ ಎದುರು ನಿಂತು ವಾದಿಸಿದ ಹುಡುಗಿ ನೀನು. ಆ ವಾದ ನಡುವೆ ನಿಲ್ಲುವುದು ನನಗೇ ಬೇಕಾಗಿರಲಿಲ್ಲ, ಗೆಲ್ಲುವುದು ನಾನೇ ಎಂದು ಗೊತ್ತಿದ್ದರೂ.

ಕಾಲೇಜಿನಲ್ಲಿ ಅವತ್ತು ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಹೂವಿನ ಕುಂಡ ತುಂಬಿದ ಟಂಟಂ ಗಾಡಿ ಗೇಟಿನ ಒಳಗೆ ಬರುತ್ತಿತ್ತು. ಐದು ಬಾಗಿಲಿನ ಫಲಕಗಳನ್ನು ಒಬ್ಬ ಬಟ್ಟೆಯಿಂದ ಉಜ್ಜುತ್ತಿದ್ದ. ಮೂರರಲ್ಲಿ ಹುದ್ದೆ ಬರೆದಿದೆ, ಹೆಸರಿಲ್ಲ. ಅಲ್ಲಿ ಕೂಡಬೇಕಾದವರನ್ನು ಇನ್ನೂ ನೇಮಿಸಿಯೇ ಇಲ್ಲವಂತೆ, ಅವರ ಪಾಠವನ್ನೂ ನಿಮ್ಮ ಮೇಡಂ ಮತ್ತು ಅತಿಥಿ ಉಪನ್ಯಾಸಕರೇ ಹಂಚಿಕೊಂಡಿದ್ದಾರಂತೆ. ಖಾಲಿ ಕೋಣೆಯ ಫಲಕವೂ ಮಿಂಚುತ್ತಿತ್ತು. ಬೀಗರು ಬರುವ ಮನೆ ಹೀಗೇ ಇರುವುದು ಎಂದುಕೊಂಡೆ. ಮೇಡಂ ಮಾತ್ರ ಬಾಗಿಲವರೆಗೆ ಬಂದು ನನಗೆ ಹೇಳಿದ್ದು ಒಂದೇ ಮಾತು: "ಹಸನಸಾಬ್ರ, ಇದ್ದದ್ದು ಇದ್ದಂಗ ಹೇಳ್ರಿ, ಸಾಕು." ಈ ಮಾತು ತಿಕೋಟಾ ಬಸ್ಸು ಹತ್ತುವವರೆಗೆ ನೆನಪಿತ್ತು. ಶೆಡ್ಡಿಗೆ ಬಂದು ನಿನ್ನ ತಟ್ಟೆ ನೋಡಿದ ಮೇಲೆ ಮರೆತುಹೋಯಿತು.

ಈದ್ ಮುಗಿದ ಮಾರನೇ ದಿನ ನೀನು ದ್ರಾಕ್ಷಿ ಹರಡಿದ ಎಂಟು ತಟ್ಟೆಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಜೋಡಿಸಿ ಮೈಸೂರಿಗೆ ಹೋಗಿದ್ದೆ. ಒಂದರಿಂದ ನಾಲ್ಕು ನಮ್ಮ ಪದ್ಧತಿ, ಕೊನೆಗೆ ಗಂಧಕದ ಹೊಗೆ. ಐದರಿಂದ ಎಂಟು ನಿನ್ನ ಪದ್ಧತಿ, ಹೊಗೆ ಸೋಕಬಾರದು. ಹನ್ನೆರಡನೇ ದಿನಕ್ಕೆ ನಮ್ಮ ನಾಲ್ಕು ಹೊಂಬಣ್ಣಕ್ಕೆ ತಿರುಗಿ ಕುಳಿತಿದ್ದವು. ನಿನ್ನ ನಾಲ್ಕು ಖರ್ಜೂರದ ಹಾಗೆ ಕಂದು. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಬಂದವರ ಮುಂದೆ ಹೊಂಬಣ್ಣದ್ದನ್ನೇ ಇಡುವುದು, ಕಪ್ಪಾದದ್ದು ಒಳಗೆ ಶೀರಾಕ್ಕೆ. ನಿನ್ನ ಅಜ್ಜಿ ಸುಗರಾಬಿ ಒಮ್ಮೆ ಅವಸರದಲ್ಲಿ ಬೀಗರ ಮುಂದೆ ಕಪ್ಪು ಮಣೂಕ ಇಟ್ಟು ಆಮೇಲೆ ಸಾಯುವವರೆಗೆ ಅದನ್ನೇ ಹೇಳಿಕೊಂಡು ನೊಂದಳು. ಸಮಿತಿಯವರು ನಮ್ಮ ಶೆಡ್ಡಿಗೆ ಬಂದು ನಮ್ಮ ಹುಡುಗಿಯ ಹೆಸರಿನ ತಟ್ಟೆಯಲ್ಲಿ ಕಂದು ದ್ರಾಕ್ಷಿ ನೋಡುವುದೇ? ಸೋಮವಾರ ಮಧ್ಯಾಹ್ನ ಐದನೇ, ಆರನೇ ತಟ್ಟೆ ಕೆಳಗಿಳಿಸಿ, ಪ್ಲಾಸ್ಟಿಕ್ ಹೊದಿಸಿ, ಡಬ್ಬಿಯಲ್ಲಿ ಗಂಧಕ ಉರಿಸಿಬಿಟ್ಟೆ, ಹೊಗೆಗೆ ಕಂದು ತಿಳಿಯಾಯಿತು. ಚಾಚಿ ಬೇಡ ಎಂದಳು. ಕಾಲೇಜಿನವರು ಗೋಡೆಗೆ ಬಳಿಯಬಹುದು, ನಾನು ದ್ರಾಕ್ಷಿಗೆ ಬಳಿಯಬಾರದೇ ಎಂದು ಅವಳ ಬಾಯಿ ಮುಚ್ಚಿಸಿದೆ. ಮುಚ್ಚಿದ ಬಾಯಿ ಏನು ಮಾಡುತ್ತದೆ ಎಂದು ಮುಂದೆ ಹೇಳುತ್ತೇನೆ.

ಮಂಗಳವಾರ ವಿದ್ಯಾವತಿ ಮೇಡಂ ಜೊತೆ ಸಮಿತಿಯ ಮೂವರು ಬಂದರು. ಅಧ್ಯಕ್ಷರು ವಯಸ್ಸಾದವರು, ಬಿಸಿಲಿಗೆ ಬೇಸತ್ತವರು. ಎರಡನೆಯವರು ಇಡೀ ಹೊತ್ತು ಫೋಟೋ ತೆಗೆದರು, ಒಂದರಲ್ಲಾದರೂ ನಾನು ನಡುವೆ ಇದ್ದೇನೆ. ಮೂರನೆಯವರು ಯಶೋಧರಾ ಮೇಡಂ, ಧಾರವಾಡ ಕಡೆಯವರು, ಮಾತು ಕಡಿಮೆ. ನಾನು ಹೊಸ ಟೋಪಿ ಹಾಕಿಕೊಂಡು ನಿಂತು ಒಂದು ತಾಸು ಭಾಷಣ ಮಾಡಿದೆ. ಬಬಲೇಶ್ವರದಿಂದ ಜೈನಾಪುರದವರೆಗೆ ನನ್ನ ಹಾಗೆ ದ್ರಾಕ್ಷಿಯ ನಾಡಿ ಬಲ್ಲವನಿಲ್ಲ ಎಂಬುದನ್ನೂ ಬಿಡಲಿಲ್ಲ. ಎರಡು ವರ್ಷದಲ್ಲಿ ನೀನು ಪ್ರಕಟಿಸಿದ್ದು ಒಂದೇ ಪ್ರಬಂಧವೇ ಎಂದು ಅಧ್ಯಕ್ಷರು ಕಾಗದ ತಿರುವುತ್ತ ವಿದ್ಯಾವತಿ ಮೇಡಂ ಅವರನ್ನು ಕೇಳಿದಾಗ ನನಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಬಳ್ಳಿ ನೆಟ್ಟ ವರ್ಷನ ಗೊನಿ ಎಣಸಾಕ ಬಂದವರನ್ನ ನಾ ಇವತ್ತ ನೋಡಿದ್ದು" ಎಂದೆ. ಅವರು ಕಾಗದ ಕೆಳಗಿಳಿಸಿದರು. ನಿಯಮ ತಾವು ಮಾಡಿದ್ದಲ್ಲ ಎಂದರು. ಸಿಟ್ಟು ಬಂದಿರಲಿಲ್ಲ. ಇಲ್ಲಿಯವರೆಗೆ ನಿನ್ನ ಚಾಚಾ ಗೆದ್ದಿದ್ದ.

ಯಶೋಧರಾ ಮೇಡಂ ಮಾತ್ರ ನನ್ನ ಭಾಷಣ ಬಿಟ್ಟು ತಟ್ಟೆಗಳ ಮುಂದೆ ನಿಂತಿದ್ದರು. ಐದರಿಂದ ಒಂದು ಹಣ್ಣು, ಎಂಟರಿಂದ ಒಂದು ಹಣ್ಣು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಇವೆರಡೂ ಒಂದ ನಮೂನಿ ಒಣಗಿಸೀರಿ ಅಂತೀರಿ. ಮತ್ತ ಬಣ್ಣ ಯಾಕ ಬ್ಯಾರೆ?"

"ಬಿಸಲಿನ ಆಟರಿ ಮೇಡಂ" ಎಂದೆ.

"ನೆರಳಿನ ಶೆಡ್ಡಿನಾಗ ಬಿಸಲು ಎಲ್ಲಿಂದ ಬಂತರಿ?"

ನಾನು ತಲೆ ಎತ್ತಿ ಪರದೆ ನೋಡಿದೆ, ಒಂದು ತೂತೂ ಇರಲಿಲ್ಲ, ಕಟ್ಟಿದವನು ನಾನೇ. ವಿದ್ಯಾವತಿ ಮೇಡಂ ನನ್ನನ್ನೇ ನೋಡುತ್ತಿದ್ದರು. ಕಣ್ಣ ಮುಂದೆ ಜಲನಗರದ ಸಾಲೆ ಬಂತು. ದಿನದ ತೂಕ, ಶಾಖ ಬರೆದಿಟ್ಟ ವಹಿ ತೋರಿಸಿ ಎಂದರು ಯಶೋಧರಾ ಮೇಡಂ. ವಹಿ ಮನೆಯಲ್ಲಿದೆ, ಮನೆಗೆ ಬೀಗ ಹಾಕಿದೆ, ಬೀಗದ ಕೀಲಿ ಬಬಲೇಶ್ವರಕ್ಕೆ ಹೋಗಿದೆ ಎಂದು ನಾನು ಒಂದರ ಮೇಲೊಂದು ಜೋಡಿಸುತ್ತಿರುವಾಗ ನಿನ್ನ ಚಾಚಿ ಸೆರಗಿನೊಳಗಿಂದ ತೆಗೆದು, "ಇಲ್ಲೇ ಐತ್ರಿ" ಎಂದು ಕೊಟ್ಟುಬಿಟ್ಟಳು.

ಇಲ್ಲಿ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಆ ವಹಿಯನ್ನು ನೀನು ಎಲ್ಲರೆದುರು ನನ್ನ ಕೈಗೆ ಕೊಟ್ಟಿದ್ದೆ, ನಾನೂ ಎದೆಗೆ ಒತ್ತಿ ಹಿಡಿದಿದ್ದೆ. ಆದರೆ ತಕ್ಕಡಿಯ ಸಣ್ಣ ಅಂಕಿ ನನ್ನ ಕಣ್ಣಿಗೆ ಕಾಣುವುದಿಲ್ಲ. ಎರಡನೇ ದಿನದಿಂದ ಬರೆದವಳು ನಾಲ್ಕನೇ ಇಯತ್ತೆ ಕಲಿತ ರಾಜಬಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎಂಟೂ ತಟ್ಟೆಯ ತೂಕ. ಕೊನೆಯಲ್ಲಿ ನೀನು 'ವಿಶೇಷ' ಎಂದು ಖಾಲಿ ಬಿಟ್ಟಿದ್ದ ಜಾಗ ಇತ್ತಲ್ಲ, ಅದನ್ನು ಅವಳು ಖಾಲಿ ಬಿಟ್ಟಿಲ್ಲ. ಯಶೋಧರಾ ಮೇಡಂ ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಎಂಟನೇ ತಟ್ಟೆಗೆ ಅಳಿಲು ಬಂದಿತ್ತು, ಓಡಿಸುವುದರೊಳಗೆ ಒಂಬತ್ತು ಹಣ್ಣು ತಿಂದಿತು. ಇವತ್ತು ಸಂಜೆ ತೂಕ ನೋಡಿಲ್ಲ, ಜೈನಾಪುರಕ್ಕೆ ಸತ್ತವರ ಮಣ್ಣಿಗೆ ಹೋಗಿದ್ದೆವು. ಇವತ್ತು ತಕ್ಕಡಿ ತಪ್ಪು ತೋರಿಸುತ್ತಿದೆ ಅನಿಸಿ ಒಂದು ಕಿಲೋ ಸಕ್ಕರೆ ಪಾಕೀಟು ಇಟ್ಟು ನೋಡಿದೆ, ಸರಿ ಇದೆ. ಕೊನೆಗೆ ಸೋಮವಾರ: "ಇವರು ಐದು, ಆರನೇ ತಟ್ಟೆಗೆ ಗಂಧಕದ ಹೊಗೆ ಹಾಕಿದರು. ಬೇಡ ಅಂದೆ. ಕೇಳಲಿಲ್ಲ."

ಫೋಟೋದವರು ಫೋನು ಇಳಿಸಿದರು. ನಾನು ಟೋಪಿ ತೆಗೆದು, ತಪ್ಪು ನನ್ನದು, ಹುಡುಗಿಗೆ ಇದರ ಸುದ್ದಿಯೇ ಗೊತ್ತಿಲ್ಲ, ಬೇಕಾದರೆ ನನ್ನ ಅಂಕ ಕಳೆಯಿರಿ, ಅವಳದ್ದು ಕಳೆಯಬೇಡಿ ಎಂದೆ. ಯಶೋಧರಾ ಮೇಡಂ ವಹಿ ಮುಚ್ಚಲಿಲ್ಲ. ಆ ಪುಟದ ಮೇಲೆ ಬೆರಳಿಟ್ಟುಕೊಂಡೇ ಅಧ್ಯಕ್ಷರ ಕಡೆ ತಿರುಗಿ, "ಸರ್, ಈ ವಾರ ಎಷ್ಟು ಊರಾಗ ಎಷ್ಟು ವಹಿ ನೋಡಿದ್ವಿ. ಒಂದರಾಗೂ ಒಂದು ದಿನಾ ತಪ್ಪಿಲ್ಲ, ಒಂದು ಅಳಿಲು ಬಂದಿಲ್ಲ. ನಾ ನಂಬೂದು ಇದನ್ನ" ಎಂದರು. ಐದು, ಆರು ಬಿಟ್ಟು ಉಳಿದ ತಟ್ಟೆಗಳ ಅಂಕಿಗಳನ್ನು ಮೂವರೂ ಬಗ್ಗಿ ನೋಡಿದರು. ನಿನ್ನ ಪದ್ಧತಿಯಲ್ಲಿ ಒಣಗಲು ಎರಡು ದಿನ ಹೆಚ್ಚು ಬೇಕು, ಕೆಟ್ಟ ಹಣ್ಣು ಕಡಿಮೆ ಎಂದು ಅವರವರೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರಂತೆ, ವಿದ್ಯಾವತಿ ಮೇಡಂ ಆಮೇಲೆ ಹೇಳಿದರು. ಹೋಗುವಾಗ ಅಧ್ಯಕ್ಷರು ಹೊಂಬಣ್ಣದ್ದನ್ನು ಮುಟ್ಟದೆ ಎಂಟನೇ ತಟ್ಟೆಯಿಂದ ಒಂದು ಹಿಡಿ ಕಂದು ದ್ರಾಕ್ಷಿ ಕೇಳಿ ಕಟ್ಟಿಸಿಕೊಂಡರು. ಆ ಹಿಡಿಯ ತೂಕವನ್ನೂ ನಿನ್ನ ಚಾಚಿ ನೋಡಿ ಬರೆದುಕೊಂಡೇ ಬಿಟ್ಟಳು.

ಬುಧವಾರ ಸಂಜೆ ಮೇಡಂ ಫೋನು ಮಾಡಿ ಎರಡು ವರ್ಷ ಎಂದಾಗ ನಾನು ಬೇವಿನ ಗಿಡದ ಕೆಳಗೆ ಕುಳಿತವನು ಎಷ್ಟೋ ಹೊತ್ತು ಏಳಲಿಲ್ಲ. ಎದೆಯ ಮೇಲಿಂದ ಯಾರೋ ಚೀಲ ಇಳಿಸಿದಂತಾಗಿತ್ತು. ನಿನ್ನ ಅಬ್ಬಾ ಕೂಡ ಜಲನಗರದಿಂದ ಫೋನು ಮಾಡಿ, ಆ ಸಾಲೆಯವರಿಗೆ ಇಲ್ಲ ಎಂದು ಹೇಳಿಬಿಟ್ಟೆ ಎಂದರು. ಅವರ ಧ್ವನಿಯಲ್ಲಿ ಬೇಸರ ಇರಲಿಲ್ಲ. ಈಗ ತಿಕೋಟಾದ ಚಹಾದಂಗಡಿಯಲ್ಲಿ ಎಲ್ಲರೂ ರಾಜಬಿಯ ವಹಿಯ ಮಾತಾಡುತ್ತಾರೆ. ಅವಳಿಗೆ ಬರೆಯಲು ಹಚ್ಚಿದವನು ಯಾರು ಎಂದು ನಾನು ನೆನಪಿಸುತ್ತಿರುತ್ತೇನೆ. ನಿನ್ನ ಪ್ರಬಂಧದಲ್ಲಿ ಕೃತಜ್ಞತೆ ಬರೆಯುವಾಗ ಅವಳ ಪೂರ್ತಿ ಹೆಸರು ಹಾಕು. ನನ್ನದು ಕೆಳಗೆ ಸಣ್ಣದಾಗಿ ಇದ್ದರೂ ನಡೆಯುತ್ತದೆ. ತೀರ ಸಣ್ಣದು ಬೇಡ.

ಮೈ ಕಡೆ ನಿಗಾ ಇರಲಿ. ಅಲ್ಲಾಹ್ ನಿನ್ನ ಕಣ್ಣಿಗೂ ಕೈಗೂ ಶಕ್ತಿ ಕೊಡಲಿ. ಚಾಚಿಯ ದುವಾ ಇದರೊಳಗೇ ಸೇರಿದೆ. ಬೇರೆ ಹಾಳೆ ಕೇಳಿದಳು, ಕೊಡಲಿಲ್ಲ, ಕೊಟ್ಟರೆ ಏನು ಬರೆಯುತ್ತಾಳೋ.

ನಿನ್ನ ಚಾಚಾ,
ಹಸನಸಾಬ

ತಾ.ಕ.: ಕತ್ತಲಾಗುತ್ತ ಬಂತು, ಬೇಗ ಬರೆಯುತ್ತೇನೆ. ಏಳನೇ ತಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಡ. ಸೋಮವಾರ ಅದನ್ನೂ ಪ್ಲಾಸ್ಟಿಕ್ಕಿನೊಳಗೆ ಇಟ್ಟಿದ್ದೆ, ಹೊದಿಕೆ ಸಾಲದೆ ಅರ್ಧ ತಾಸಿಗೆ ಹೊರಗೆ ತೆಗೆದೆ. ಬಣ್ಣ ತಿರುಗಿರಲಿಲ್ಲ, ಚಾಚಿ ನೀರಿಗೆ ಹೋಗಿದ್ದಳು, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಸಮಿತಿಯ ಮುಂದೆ ಟೋಪಿ ತೆಗೆದವನು ಇದನ್ನು ಮಾತ್ರ ನುಂಗಿಕೊಂಡೆ. ಮೂರು ದಿನ ನಿದ್ದೆ ಬರಲಿಲ್ಲ. ಇವತ್ತು ಬೆಳಿಗ್ಗೆ 'ವಿಶೇಷ'ದಲ್ಲಿ ನನ್ನ ಕೈಯಿಂದಲೇ ಬರೆದು ಸಹಿ ಮಾಡಿ ವಿದ್ಯಾವತಿ ಮೇಡಂಗೆ ಫೋನು ಮಾಡಿದೆ. ಅವರು, "ಸಮಿತಿಗೆ ನಾನ ಪತ್ರ ಬರೀತೀನಿ, ಎಂಟು ತಟ್ಟಿ ಹೊಸದಾಗಿ ಹಚ್ಚೂಣ" ಎಂದರು. ಹಣ್ಣು ಇದೆ. ಬಾವಿಯ ಕಡೆಯ ಎರಡು ಸಾಲು ಕೊಯ್ದಿಲ್ಲ, ಕೊಳ್ಳಲು ಬಂದವನನ್ನು ತಿರುಗಿಸಿ ಕಳಿಸಿದ್ದೇನೆ. ತಿಂಗಳು ಮುಗಿಯುವುದರೊಳಗೆ ಬಾ, ಅದಕ್ಕಿಂತ ಹೆಚ್ಚು ಬಳ್ಳಿಯ ಮೇಲೆ ನಿಲ್ಲುವುದಿಲ್ಲ. ನಂಬರು ಬರೆಯಲು ಬಿಳಿ ಬಣ್ಣ ತಾ. ಗಂಧಕದ ಚಿಂತೆ ಬೇಡ. ಚಾಚಿ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ, ಕೀಲಿ ಎಲ್ಲಿದೆ ಎಂದು ನಾನು ಕೇಳಿಲ್ಲ.