ಲೆಕೆಲೆಕೆಯ ಬಾಲ

ಎಲ್ ಆಲ್ತೋ
ಅಕ್ಟೋಬರ್ 31, ಬೇಕರಿಯ ಒಲೆಯ ಮುಂದೆ, ಸರದಿಯಲ್ಲಿ ಕೂತು

ನನ್ನ ಸೆವೆರೋ,

ಹೇಗಿದ್ದೀಯ? ಕ್ಲಚ್ ತುಳಿದು ತುಳಿದು ಹಿಡಿದುಕೊಳ್ಳುತ್ತಿದ್ದ ಆ ಎಡಮಂಡಿ ಹೇಗಿದೆ? ನೀನಿರುವಲ್ಲಿ ಚಳಿಯೋ ಸೆಖೆಯೋ ನನಗೆ ತಿಳಿಯದು. ಎಲ್ಲಿದ್ದೀಯ ಎಂಬುದೇ ಗೊತ್ತಿಲ್ಲದವಳು ಏನಂತ ಕೇಳಲಿ? ಎಲ್ಲೇ ಇರು, ಎದೆಗೆ ಬೆಚ್ಚಗೆ ಹೊದ್ದುಕೋ. ನಾನು ಚೆನ್ನಾಗಿದ್ದೇನೆ. ಬೆಳಗಿನ ಆಪಿ ವ್ಯಾಪಾರ ಪರವಾಗಿಲ್ಲ, ಚಳಿ ಜಾಸ್ತಿಯಾದಷ್ಟೂ ನೇರಳೆ ಜೋಳದ ಗಂಜಿಗೆ ಗಿರಾಕಿ ಜಾಸ್ತಿ. ಅತ್ತೆ ಗಟ್ಟಿಯಾಗಿದ್ದಾರೆ, ಅವರಿಗಿಂತ ಅವರ ಬಾಯಿ ಗಟ್ಟಿಯಾಗಿದೆ. ಪ್ರತಿ ವರ್ಷದ ಹಾಗೆ ನಮ್ಮ ಬೀದಿಯವರೆಲ್ಲ ಸೇರಿ ಈ ಒಲೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಹಿಟ್ಟಿನ ತೊಟ್ಟಿಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಅದರ ಮುಚ್ಚಳದ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಬೈಯಬೇಡ.

ನಾಳೆ ಸತ್ತವರ ಹಬ್ಬ, ಮಧ್ಯಾಹ್ನ ಹನ್ನೆರಡಕ್ಕೆ ಅವರು ಬರುತ್ತಾರೆ. ಎಲ್ಲರ ಮನೆಯಲ್ಲೂ ಮೇಜು ಸಿದ್ಧವಾಗುತ್ತಿದೆ. ಸತ್ತವರ ಮುಖ ಹೊತ್ತ ರೊಟ್ಟಿಯ ಮಕ್ಕಳು, ಅವರು ಇಳಿದು ಬರಲು ರೊಟ್ಟಿಯ ಏಣಿ, ಏರಿ ಬರಲು ರೊಟ್ಟಿಯ ಕುದುರೆ, ಕಬ್ಬು, ಟೊಳ್ಳು ದಂಟಿನಲ್ಲಿ ನೀರು ಕುಡಿಯಲೆಂದು ಈರುಳ್ಳಿ ಹೂವು. ನಾನು ತಂದಿರುವುದು ಮಾವನ ಹೆಸರಿನ ಹಿಟ್ಟು ಮಾತ್ರ. ನಿನ್ನ ಹೆಸರಿನದು ಇಲ್ಲ. ಈ ಜಗಳ ನಿನಗೆ ಗೊತ್ತಿರಲಿ ಎಂದೇ ಬರೆಯುತ್ತಿದ್ದೇನೆ. ಹೋದ ವರ್ಷ ಫೆಬ್ರವರಿಯ ಮಳೆಯಲ್ಲಿ ನಿನ್ನ ಲಾರಿ ಗಡಿ ರಸ್ತೆಯ ಉಪ್ಪುಬಯಲಿನ ಅಂಚಿನಲ್ಲಿ ಕೆಸರಲ್ಲಿ ಹೂತು, ಬಾಗಿಲಿಗೆ ಬೀಗ ಹಾಕಿದ ಹಾಗೇ ಸಿಕ್ಕಿತಲ್ಲ, ನೀನು ಮಾತ್ರ ಸಿಗಲಿಲ್ಲವಲ್ಲ, ಆಗಿನಿಂದ ಅತ್ತೆಯದು ಒಂದೇ ರಾಗ. ಹೋದವರಿಗೆ ಮೂರು ವರ್ಷ ಎಡೆ ಇಡಲೇಬೇಕು, ಮೊದಲನೆಯದನ್ನು ಆಗಲೇ ತಪ್ಪಿಸಿದ್ದೀಯ ಅಂತ. “ನನ್ನ ಮಗ ಹಸ್ಕೊಂಡು ಅಲೀತಿದಾನೆ ಕಣೇ. ಪಕ್ಕದ ಮನೆಯೋರ ಮೇಜಿನ ಮುಂದೆ ಭಿಕ್ಷುಕನ ಥರ ನಿಂತ್ಕೋಬೇಕೇನೇ ಅವ್ನು?” ಅಂತಾರೆ. ನಾನೂ ಬಿಟ್ಟವಳಲ್ಲ. “ಬದುಕಿರೋರಿಗೆ ಯಾರಾದ್ರೂ ಎಡೆ ಇಡ್ತಾರಾ ಅತ್ತೆ? ಬಿಡ್ತು ಅನ್ನಿ” ಎಂದು ಅವರ ಬಾಯಿ ಮುಚ್ಚಿಸಿದೆ. ಗಡಿ ದಾಟಿ ಹೋಗಿದ್ದಾನೆ, ಯಾವುದೋ ಗಣಿಯಲ್ಲಿ ಕೆಲಸಕ್ಕಿದ್ದಾನೆ, ಇಕೀಕೆ ಬಂದರಿನಲ್ಲಿ ಯಾವಳೋ ಮೀನು ಹುರಿದು ಬಡಿಸುತ್ತಿದ್ದಾಳೆ ಎಂದೆಲ್ಲ ಊರಿಗೆಲ್ಲ ಹೇಳಿದವಳು ನಾನೇ. ಅವಳಿಗೆ ನಾನು ಮುಖ ಕೂಡ ಕೊಟ್ಟಿದ್ದೇನೆ ಸೆವೆರೋ, ದಪ್ಪ ಕೆನ್ನೆ, ಚಿನ್ನದ ಹಲ್ಲು. ಎಷ್ಟು ಶಪಿಸಿದ್ದೇನೋ ಅಷ್ಟೇ ಬೇಡಿಕೊಂಡಿದ್ದೇನೆ, ಅವಳು ಇರಲಿ ಎಂದು. ಅವಳಿದ್ದರೆ ನೀನೂ ಇರುತ್ತೀಯ.

ವಿಮಾನದ ಕಥೆ ಶುರುವಾದದ್ದೂ ಈ ಜಗಳದಿಂದಲೇ. ಈ ಏಪ್ರಿಲ್‌ನಲ್ಲಿ ಅತ್ತೆ ನಿನ್ನ ಬಟ್ಟೆಗಳನ್ನೆಲ್ಲ ಒಗೆದು ಗಂಟು ಕಟ್ಟಿದರು, ಸುಡುವುದಕ್ಕೆ. ಗಂಟಿನ ಮೇಲೆ ಗೋಡೆಯಿಂದ ಇಳಿಸಿದ ನಿನ್ನ ಲೆಕೆಲೆಕೆಯನ್ನೂ ಇಟ್ಟಿದ್ದರು. ಬಯಲಲ್ಲಿ ಯಾರು ಬಂದರೂ ಕಿರುಚುವ ಹಕ್ಕಿಯ ಹೆಸರನ್ನು ನಿನ್ನ ಪುಟ್ಟ ರಿಮೋಟ್ ವಿಮಾನಕ್ಕೆ ಇಟ್ಟೆಯಲ್ಲ, ಅದರ ಹಳದಿ ಟೇಪಿನ ರೆಕ್ಕೆ ಗಂಟಿನಿಂದ ಹೊರಗೆ ಚಾಚಿತ್ತು. “ಸತ್ತೋನ ಸಾಮಾನು ಮನೇಲಿದ್ರೆ ಅವ್ನು ಹೋಗಲ್ಲ” ಅಂದರು. ಬಟ್ಟೆ ಬೇಕಾದರೆ ಸುಡಿ, ಅದನ್ನು ಮುಟ್ಟಬೇಡಿ, ಅದು ಅವನದಲ್ಲ ನನ್ನದು, ನಾನು ಹಾರಿಸ್ತೀನಿ ಅಂದುಬಿಟ್ಟೆ. ಹುಟ್ಟಿದಾಗಿನಿಂದ ಗಾಳಿಪಟ ಹಾರಿಸಿದವಳಲ್ಲ ನಾನು! ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು, “ಹಾರ್ಸು ನೋಡೋಣ. ಸತ್ತೋರ ಹಬ್ಬದೊಳಗೆ ಹಾರಿಸ್ದೆ ಇದ್ರೆ ಒಲೆಗೆ” ಅಂದರು. ಅದು ಒಲೆಗೆ ಹೋದರೆ ನೀನು ಕೈಯಾರೆ ಮಾಡಿದ್ದು ಮನೆಯಲ್ಲಿ ಇನ್ನೇನೂ ಉಳಿಯುತ್ತಿರಲಿಲ್ಲ.

ಕೈಯಲ್ಲಿ ಕಾಸಿಲ್ಲ, ಗೊತ್ತಿರುವುದು ಸೊನ್ನೆ. ನಿನ್ನ ವಿಮಾನವನ್ನು ಕಲಿಯುವುದಕ್ಕೆ ಬಳಸಿ ಮುರಿದರೆ ಅತ್ತೆಯ ಒಲೆಗೆ ನಾನೇ ಸೌದೆ ಕೊಟ್ಟ ಹಾಗೆ. ನಿನ್ನ ತಮ್ಮ ವಿದಾಲ್ ಮೊಬೈಲ್ ರಿಪೇರಿ ಗೂಡಿನಲ್ಲೇ ಕೂತು ದಾರಿ ತೋರಿಸಿದ. ಮೊದಲು ಮೋಟರೂ ಬೇಡ, ರಿಮೋಟೂ ಬೇಡ, ಬರಿಗೈಯಲ್ಲಿ ಎಸೆಯುವ ಥರ್ಮಾಕೋಲ್ ವಿಮಾನ ಮಾಡಿ ಅತ್ತಿಗೆ ಅಂದ. ಫ್ರಿಜ್ ಅಂಗಡಿಯ ಹಿಂದೆ ಬಿದ್ದಿದ್ದ ಹಾಳೆಗಳನ್ನು ಹೊತ್ತು ತಂದೆ. ರೆಕ್ಕೆಗೆ ಮಾಂಸ ಚುಚ್ಚುವ ಬಿದಿರು ಕಡ್ಡಿ, ಮೂಗಿನ ಭಾರಕ್ಕೆ ಒಂದು ನಾಣ್ಯ. ಇಂಟರ್ನೆಟ್‌ನಲ್ಲಿ ಯಾವನೋ ಬರೆದ ಅಳತೆಯನ್ನು ಗೆರೆ ತಪ್ಪದೆ ಕತ್ತರಿಸಿ ಎಸೆದೆ, ಕಲ್ಲು ಬಿದ್ದ ಹಾಗೆ ಬಿತ್ತು. ಮತ್ತೆ ಎಸೆದೆ, ಮತ್ತೆ ಬಿತ್ತು. ವಿದಾಲ್ ಬಿದ್ದು ಬಿದ್ದು ನಕ್ಕ. “ಅತ್ತಿಗೇ, ಆ ಪುಣ್ಯಾತ್ಮ ಸಮುದ್ರದ ಪಕ್ಕ ಕೂತು ಬರ್ದಿದಾನೆ, ನಾವಿರೋದು ಬೆಟ್ಟದ ನೆತ್ತಿ ಮೇಲೆ. ಅವ್ರ ಗಾಳಿ ಗಂಜಿ, ನಮ್ದು ತಿಳಿಸಾರು. ತಿಳಿಸಾರಲ್ಲಿ ತೇಲ್ಬೇಕಾದ್ರೆ ರೆಕ್ಕೆ ದೊಡ್ಡದಾಗಿರ್ಬೇಕು” ಅಂದ. ಒಂದು ಗೇಣು ಅಗಲ ಮಾಡಿದೆ. ಆಮೇಲೆ ಅದು ತೇಲಿತು ಸೆವೆರೋ! ಒಣಗಲು ಹಾಕಿದ ಬಟ್ಟೆಗಳ ಮೇಲೆ ಹಾದು ಪಕ್ಕದ ಮನೆಯ ಕೋಳಿಗಳ ನಡುವೆ ಇಳಿಯಿತು. ನಾನು ಅಂಗಳದಲ್ಲಿ ಒಬ್ಬಳೇ ಕುಣಿದೆ. ಕುಣಿದು ಮುಗಿದ ಮೇಲೆ ಯಾರಿಗೆ ಹೇಳಲಿ ಅಂತ ತಿರುಗಿ ನೋಡಿದೆ, ಅಷ್ಟೇ.

ಲೆಕೆಲೆಕೆಯ ಮೋಟರು, ರಿಮೋಟಿನ ಮಾತು ಕೇಳುವ ರಿಸೀವರ್ ಎಲ್ಲ ಅದರ ಹೊಟ್ಟೆಯಲ್ಲೇ ಇದ್ದವು. ಬ್ಯಾಟರಿ ಮಾತ್ರ ಕಪ್ಪೆಯ ಹಾಗೆ ಊದಿಕೊಂಡಿತ್ತು. ವಿದಾಲ್ ಹಳೆಯ ಲ್ಯಾಪ್‌ಟಾಪಿನ ಸೆಲ್ಲುಗಳನ್ನು ಬೆಸೆದು ಬೇರೆ ಮಾಡಿಕೊಟ್ಟ. ಇಲ್ಲದಿದ್ದದ್ದು ರಿಮೋಟ್, ಅದನ್ನು ನೀನು ಲಾರಿಯಲ್ಲಿ ಒಯ್ದಿದ್ದೆಯಲ್ಲ. ಎಲ್ಲಿ ನಿಲ್ಲಿಸಿದರೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಇಳಿಯುತ್ತಿದ್ದೆ. “ಲಾರಿ ಸಾಹುಕಾರಂದು, ರಿಮೋಟ್ ನಂದು” ಎನ್ನುತ್ತಿದ್ದೆ. ಹೊಸದು ಕೊಳ್ಳುವ ಮಾತೇ ಇಲ್ಲ. ಭಾನುವಾರದ ಸಂತೆಯಲ್ಲಿ ಹಳೆಯದು ಹುಡುಕುತ್ತಾ ಹೋದೆ. ಕಳೆದುಕೊಂಡದ್ದನ್ನು ಕೊಳ್ಳಲು ಜನ ಅಲ್ಲಿಗೇ ಹೋಗುತ್ತಾರೆ, ನಾವೂ ಕಳವಾದ ನಮ್ಮದೇ ಕುಕ್ಕರನ್ನು ಒಮ್ಮೆ ಅಲ್ಲಿಂದ ಕೊಂಡು ತಂದಿದ್ದೆವಲ್ಲ. ಚಾರ್ಜರು, ಸ್ಕ್ರೂ, ಗೊಂಬೆಯ ಕೈಕಾಲುಗಳ ನಡುವೆ ಒಬ್ಬ ಹೆಂಗಸಿನ ಚಾದರದ ಮೇಲೆ ಒಂದು ರಿಮೋಟ್ ಬಿದ್ದಿತ್ತು. ಉದ್ದ ಏರಿಯಲ್ಲು, ಹಳೆಯ ಕಾಲದ್ದು. ತಿರುಗಿಸಿ ನೋಡಿದೆ. ವಿಮಾನ ತಿರುಗಿಸುವ ಬಲಗಡೆಯ ಕಡ್ಡಿಯ ಕೆಳಗೆ, ನೀನು ಟ್ರಿಮ್ ಎನ್ನುತ್ತಿದ್ದ ಆ ಪುಟ್ಟ ಗುಂಡಿಯ ಪಕ್ಕ, ಕೆಂಪು ಉಗುರುಬಣ್ಣದ ಒಂದು ಗೆರೆ.

ನನ್ನ ಉಗುರುಬಣ್ಣ. ಮದುವೆಗೆ ಹೋಗುವ ದಿನ ನೀನು ಕದ್ದು, ಮುಚ್ಚಳ ಹಾಕದೆ ಒಣಗಿಸಿಟ್ಟದ್ದು. ರೆಕ್ಕೆಯನ್ನು ಒಲೆಯ ಪಕ್ಕ ಒಣಗಿಸಿ ಸೊಟ್ಟ ಮಾಡಿಕೊಂಡಿದ್ದೆ, ವಿಮಾನ ಯಾವಾಗಲೂ ಎಡಕ್ಕೆ ಎಳೆಯುತ್ತಿತ್ತು. ಅದನ್ನು ನೇರ ಮಾಡಲು ಗುಂಡಿಯನ್ನು ಎಲ್ಲಿಗೆ ಸರಿಸಿಡಬೇಕು ಎಂಬುದಕ್ಕೆ ಎಳೆದ ಗೆರೆ ಅದು. ಗುಂಡಿ ಆ ಗೆರೆಯ ಮೇಲೇ ಇತ್ತು. ಬ್ಯಾಟರಿಯ ಗೂಡು ತೆಗೆದರೆ ಒಳಗೆಲ್ಲ ಬಿಳಿ ಉಪ್ಪು. ಎಲ್ಲಿಂದ ಬಂತಮ್ಮಾ ಇದು ಎಂದು ಕೇಳಿದೆ. “ಉಪ್ಪುಬಯಲಿನ ಕಡೆ ಲಾಮಾ ಮೇಯಿಸೋಳೊಬ್ಬಳು ತಂದ್ಕೊಟ್ಳು. ನೀರು ಇಳಿದ್ಮೇಲೆ ಸಿಕ್ತಂತೆ, ನೈಲಾನ್ ಚೀಲದಲ್ಲಿ ಭದ್ರವಾಗಿ ಕಟ್ಟಿತ್ತಂತೆ” ಅಂದಳು. ಇನ್ನೇನಾದ್ರೂ ಸಿಕ್ತಂತಾ ಅಂದೆ. ನನ್ನ ಮುಖ ನೋಡಿ ಚಾದರದ ಮೇಲಿನ ಚಾರ್ಜರುಗಳನ್ನು ಜೋಡಿಸತೊಡಗಿದಳು. ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟೆ, ಅದಕ್ಕೂ ಅವಳಿಗೆ ಭಯವಾಯಿತು. ಅತ್ತೆಗೆ ಉಪ್ಪಿನ ವಿಷಯ ಹೇಳಲಿಲ್ಲ. ಉಪ್ಪು ಎಲ್ಲ ಕಡೆಯೂ ಇರುತ್ತದೆ, ಕದ್ದವನು ಎಸೆದಿರಬಹುದು, ನೀನೇ ಮಾರಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಮಾರುವುದೇ? ನನ್ನನ್ನು ಮಾರಿದ ಮೇಲೆ ಅದನ್ನು ಮಾರುತ್ತಿದ್ದೆ.

ಒಂದು ಮಾತು ಹೇಳುತ್ತೇನೆ, ನಗಬಾರದು. ಆ ಭಾನುವಾರ ಸಂಜೆ ವಿದಾಲ್ ಲೆಕೆಲೆಕೆಗೆ ಬ್ಯಾಟರಿ ಚುಚ್ಚಿದ. ಆಫ್ ಮಾಡಿದ ರಿಮೋಟ್ ಮೇಜಿನ ಮೇಲಿತ್ತು, ಉಪ್ಪು ಕೆರೆದು ತೆಗೆಯಲು ಬಿಚ್ಚಿಟ್ಟಿದ್ದ, ಅದಕ್ಕೆ ಸೆಲ್ಲನ್ನೇ ಹಾಕಿರಲಿಲ್ಲ. ಲೆಕೆಲೆಕೆಯ ಬಾಲದ ಪಟ್ಟಿ ಒಂದು ಸಲ ಎಡಕ್ಕೆ ಸರಿಯಿತು. ಒಂದೇ ಸಲ. ನಾನು ಕೈಯಲ್ಲಿದ್ದ ಲೋಟ ಬಿಟ್ಟೆ. ವಿದಾಲ್ ಸಮಾಧಾನ ಹೇಳಿದ, ಹಳೆಯ ರಿಸೀವರಿಗೆ ಒಡೆಯ ಸಿಗದಿದ್ದರೆ ದಾರಿಹೋಕರ ಮಾತೆಲ್ಲ ಕೇಳಿಸುತ್ತದೆ, ಅಕ್ಕಪಕ್ಕ ಯಾರೋ ವೆಲ್ಡಿಂಗ್ ಮಾಡುತ್ತಿರಬೇಕು ಅಂತ. ಇರಬಹುದು ಅಂದೆ. ಭಾನುವಾರ ಸಂಜೆ ಯಾರು ವೆಲ್ಡಿಂಗ್ ಮಾಡುತ್ತಾರೆ ಎಂದು ಮಾತ್ರ ಕೇಳಿದೆ. ಅವನು ಎದ್ದು ಹೋಗಿ ಬೀದಿಯ ಕಡೆಯ ಬಾಗಿಲು ಹಾಕಿಕೊಂಡು ಬಂದ. ಆವತ್ತಿನಿಂದ ನಾನು ಆ ಕೋಣೆಯಲ್ಲಿ ಬೆನ್ನು ಗೋಡೆಗೆ ಕೊಟ್ಟು, ಲೆಕೆಲೆಕೆಯ ಕಡೆ ಮುಖ ಮಾಡಿಯೇ ಮಲಗುತ್ತೇನೆ. ಹೆದರಿಕೆ ನಿನ್ನದಲ್ಲ, ಆ ಬಾಲ ಮತ್ತೆ ಅಲುಗಾಡದೇ ಹೋದರೆ ಎನ್ನುವ ಹೆದರಿಕೆ.

ಹೋದ ಶನಿವಾರ ಬೆಳಿಗ್ಗೆ, ಗಾಳಿ ಏಳುವ ಮೊದಲು, ನಿನ್ನ ಗೆಳೆಯರು ವಿಮಾನ ಹಾರಿಸುವ ಬಯಲಿಗೆ ಹೋದೆವು. ಅತ್ತೆಯೂ ಬಂದರು, ಕಪ್ಪು ಟೊಪ್ಪಿಗೆ ಹಾಕಿಕೊಂಡು ಒಂದು ಕಲ್ಲಿನ ಮೇಲೆ ನ್ಯಾಯಾಧೀಶರ ಹಾಗೆ ಕೂತರು. ಹಲಗೆಯಲ್ಲಿ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳು ಹಾಗೇ ಇವೆ. ರಿಮೋಟ್ ಹಚ್ಚುವ ಮೊದಲು ತನ್ನ ರೇಡಿಯೊ ನಂಬರಿನ ಕ್ಲಿಪ್ಪನ್ನು ತೆಗೆದು ಮೈಮೇಲೆ ಸಿಕ್ಕಿಸಿಕೊಳ್ಳಬೇಕು, ಒಂದೇ ನಂಬರಿನಲ್ಲಿ ಇಬ್ಬರು ಹಚ್ಚಿದರೆ ವಿಮಾನವನ್ನು ಇಬ್ಬರೂ ಎಳೆದಾಡಿ ಬೀಳಿಸುತ್ತಾರೆ ಎಂದು ನೀನೇ ಹೇಳಿದ್ದೆ. ನಿನ್ನ ಕ್ಲಿಪ್ಪು ಬಿಸಿಲಿಗೆ ಬೆಳ್ಳಗಾಗಿತ್ತು, ಯಾರೂ ಮುಟ್ಟಿರಲಿಲ್ಲ. ನಾನು ತೆಗೆದು ಶಾಲಿಗೆ ಸಿಕ್ಕಿಸಿಕೊಂಡೆ. ಗಂಡಸರೆಲ್ಲ ತಲೆ ಬೇರೆ ಕಡೆ ತಿರುಗಿಸಿದರು. ವಿದಾಲ್ ಎಸೆದ, ಲೆಕೆಲೆಕೆ ಹತ್ತಿತು. ಕಡ್ಡಿ ಹೆಚ್ಚೆಚ್ಚು ಎಳೆದೆ, ಅದು ಹುಚ್ಚು ಹಿಡಿದ ಹಾಗೆ ಅತ್ತ ಇತ್ತ ಹೊರಳಿತು. ನನ್ನ ಕಡೆ ಬರುವಾಗ ಎಡ ಬಲ ಅದಲುಬದಲಾಗುತ್ತದೆ ಎಂದಿದ್ದೆಯಲ್ಲ, ಅದೂ ಮರೆತುಹೋಯಿತು, ನೇರ ಅತ್ತೆಯ ಟೊಪ್ಪಿಗೆಯ ಕಡೆಗೇ ನುಗ್ಗಿತು. “ಬಿಟ್ಬಿಡಿ ಅತ್ತಿಗೆ! ಕಡ್ಡಿ ಬಿಟ್ಬಿಡಿ!” ಎಂದು ವಿದಾಲ್ ಕೂಗಿದ. ಬಿಟ್ಟೆ. ಎರಡೂ ಕೈ ಮೇಲೆತ್ತಿದೆ, ಪೊಲೀಸರ ಮುಂದೆ ಎತ್ತುವ ಹಾಗೆ.

ಅದು ತಾನೇ ಸರಿಹೋಯಿತು ಸೆವೆರೋ. ರೆಕ್ಕೆ ಮಟ್ಟವಾಯಿತು, ಮೂಗು ಎತ್ತಿತು, ನಮ್ಮೆಲ್ಲರ ತಲೆಯ ಮೇಲೆ ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ನೂಲು ಹಿಡಿದ ಹಾಗೆ ನೇರ ಹೋಯಿತು. ನಾನು ಹಾರಿಸುತ್ತಿರಲಿಲ್ಲ. ಉಗುರುಬಣ್ಣದ ಗೆರೆ ಹಾರಿಸುತ್ತಿತ್ತು. ನಿನ್ನ ನಂಬರಿನ ಕ್ಲಿಪ್ಪು ನನ್ನ ಶಾಲಿನ ಮೇಲಿತ್ತು, ಆದರೂ ಅದೇ ನಂಬರಿನ ಆ ಕಡೆ ಇನ್ನೊಬ್ಬರ ಕೈ ಇತ್ತು. ಅತ್ತೆ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ನಿಂತಿದ್ದರು. ಇಳಿಸಿದ ಮೇಲೆ ಬಂದು ನನ್ನ ಕೆನ್ನೆ ಮುಟ್ಟಿದರು. “ಗೆದ್ದೆ ಬಿಡು. ಸುಡಲ್ಲ. ಎಡೆ ವಿಷ್ಯಾನೂ ಇನ್ಮೇಲೆ ಕೇಳಲ್ಲ, ಅವ್ನ ಹೆಂಡ್ತಿ ನೀನು, ನಿನಗೆ ಬಿಟ್ಟಿದ್ದು” ಅಂದರು. ಜಗಳವಾಡುತ್ತಿದ್ದಾಗ ನೀನು ಸತ್ತಿಲ್ಲ ಎನ್ನುವುದು ಸುಲಭವಿತ್ತು. ಈಗ ಹಾಗೆನ್ನಲು ಎದುರಿಗೆ ಯಾರೂ ಇಲ್ಲ.

ಇಷ್ಟು ಸುದ್ದಿ. ಅತ್ತೆ ಆಶೀರ್ವಾದ ಹೇಳಿದ್ದಾರೆ, ನಿನ್ನ ಹಣೆಗೆ ಮುತ್ತು ಕೊಟ್ಟಿದ್ದಾರೆ. ವಿದಾಲ್ ನಿನ್ನ ಚಿಕ್ಕ ಸ್ಕ್ರೂಡ್ರೈವರ್ ತೆಗೆದುಕೊಂಡಿದ್ದಾನೆ, ವಾಪಸು ಕೊಡುತ್ತಾನಂತೆ, ನಂಬಬೇಡ. ಭೂತಾಯಿ ಪಚಮಾಮ ನಿನ್ನ ಕಾಲಡಿಯ ನೆಲವನ್ನು ಗಟ್ಟಿಯಾಗಿಡಲಿ.

ಎಂದೆಂದಿಗೂ ನಿನ್ನ,
ನಾರ್ಸಿಸಾ

ಮರೆತಿದ್ದೆ: ನನ್ನ ಸರದಿ ಬಂತು, ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮಾವನ ಹಿಟ್ಟಿನಲ್ಲಿ ಒಂದು ಉಂಡೆ ಎತ್ತಿಟ್ಟಿದ್ದೆ. ಬರೆಯುತ್ತಾ ಬರೆಯುತ್ತಾ ಎಡಗೈ ಅದನ್ನೇ ತಟ್ಟುತ್ತಿತ್ತು. ನಿನ್ನ ಮುಖ ಮಾಡಿದ್ದೇನೆ, ಮೂಗು ಸ್ವಲ್ಪ ದಪ್ಪವಾಯಿತು. ಏಣಿಯೂ ಮಾಡಿಲ್ಲ, ಕುದುರೆಯೂ ಮಾಡಿಲ್ಲ, ವಿಮಾನ ಮಾಡಿದ್ದೇನೆ, ನಮ್ಮ ಗಾಳಿಗೆ ತಕ್ಕ ಹಾಗೆ ರೆಕ್ಕೆ ದೊಡ್ಡದು. ನಾಳೆ ಹನ್ನೆರಡಕ್ಕೆ ನಿನಗೆ ಎಡೆ ಇಡುತ್ತೇನೆ. ಬದುಕಿದ್ದರೂ ಬಾ, ನಿನ್ನ ಎಡೆಯನ್ನು ನೀನೇ ಕೂತು ತಿನ್ನು, ಊರು ನಗಲಿ, ಇಕೀಕೆಯವಳನ್ನೂ ಕರೆದುಕೊಂಡು ಬಾ, ಅವಳಿಗೂ ಬಡಿಸುತ್ತೇನೆ. ಇಲ್ಲದಿದ್ದರೆ ಹೀಗೆ ಮಾಡು. ಲೆಕೆಲೆಕೆಯನ್ನು ಮೇಜಿನ ಮೇಲೆ, ಈರುಳ್ಳಿ ಹೂವಿನ ಪಕ್ಕ ಬ್ಯಾಟರಿ ಚುಚ್ಚಿ ಇಟ್ಟಿರುತ್ತೇನೆ. ರಿಮೋಟ್ ಆರಿಸಿ, ಸೆಲ್ಲು ತೆಗೆದು, ಅತ್ತೆಯ ಮಡಿಲಲ್ಲಿ ಇಟ್ಟಿರುತ್ತೇನೆ. ಹಾರಿಸುವ ಮೊದಲು ನನಗೆ ನಮಸ್ಕಾರ ಅಂತ ಬಾಲ ಆಡಿಸುತ್ತಿದ್ದೆಯಲ್ಲ, ಎಡ, ಬಲ, ಎಡ. ಅಷ್ಟು ಸಾಕು. ಬ್ಯಾಟರಿ ಹಳೆಯದು, ಬಹಳ ಹೊತ್ತು ತಡೆಯುವುದಿಲ್ಲ. ಯಾವತ್ತಿನ ಹಾಗೆ ತಡ ಮಾಡಬೇಡ.