ಕುಂಕುಮ ಹಚ್ಚಿದ ನಿಂಬೆಹಣ್ಣು

ನಮ್ಮ ಯಜಮಾನರಿಗೆ,

ನಿಮ್ಮ ಜಯಮ್ಮ ಮಾಡುವ ನಮಸ್ಕಾರ. ನೀವು ಹೋಗಿ ಮೊನ್ನೆಗೆ ವರ್ಷ ತುಂಬಿತು. ನಿಮ್ಮ ಅಣ್ಣನ ಮಗ ಬಂದು ತಿಥಿ ಮಾಡಿ ಹೋದ. ಕಾಗೆ ತಡಮಾಡದೆ ಎಡೆ ಮುಟ್ಟಿತು. ಎಲ್ಲರೂ ಸಮಾಧಾನ ಪಟ್ಟರು. ನನಗೆ ಮಾತ್ರ ಆಗಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನಿಮಗೆ ಒಂದು ದೊಡ್ಡ ಸುಳ್ಳು ಹೇಳಿದ್ದೀನಿ. ನೀವು ಯಾರಿಗಾಗಿ ಕಾಯುತ್ತಾ ಹೋದಿರೋ ಅವನ ವಿಷಯದ ಸುಳ್ಳು. ಅದನ್ನು ಹೇಳಿಬಿಡೋಣ ಅಂತ ಕೂತಿದ್ದೀನಿ. ಹಳ್ಳಿ ಸ್ಕೂಲಿನ ನಾಲ್ಕನೇ ಕ್ಲಾಸಿನ ಅಕ್ಷರ, ನಿಧಾನವಾಗಿ ಓದಿಕೊಳ್ಳಿ. ಅಸೆಂಬ್ಲಿಗೆ ಹೊತ್ತಾಯಿತು ಅನ್ನೋ ಅವಸರ ಈಗ ನಿಮಗಿಲ್ಲವಲ್ಲ.

ಮೊದಲನೇ ಸಲ ಗೆದ್ದು ಶಂಕರಪುರದ ಈ ಮನೆಗೆ ಬಂದ ಮಾರನೇ ಬೆಳಿಗ್ಗೆ ನೆನಪಿದೆಯಾ? ನಾನಿನ್ನೂ ಪಾತ್ರೆ ಮೂಟೆ ಬಿಚ್ಚಿರಲಿಲ್ಲ. ಊರ ಕಡೆಯವರು ಮೊದಲ ಬಸ್ಸಿಗೇ ಬಂದು ಜಗಲಿ ತುಂಬಾ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನಿಂಬೆಹಣ್ಣು. ಇಷ್ಟು ಹಣ್ಣು ಏನು ಮಾಡೋದು, ಆಚೆ ಹಾಕಲಾ ಅಂದೆ. ನೀವು ಗದರಿದಿರಿ. "ಹಾರ ತರೋಕೆ ಆಗದವನು ತರೋದು ಕಣೇ ಇದು. ಈ ಮನೆಯಿಂದ ಒಂದು ನಿಂಬೆಹಣ್ಣೂ ಬೀದಿಗೆ ಬೀಳಬಾರದು." ಅವತ್ತೇ ಉಪ್ಪು ಹಾಕಿ ಜಾಡಿ ತುಂಬಿದೆ. ಆಮೇಲೆ ಅರ್ಜಿ ಹಿಡಿದು ಬಂದವರಿಗೆಲ್ಲ ಮೊಸರನ್ನ, ಅವರವರೇ ತಂದ ಹಣ್ಣಿನ ಉಪ್ಪಿನಕಾಯಿ.

ನಂಜುಂಡ ನಮ್ಮ ಮನೆಗೆ ಬಂದದ್ದೂ ಆ ಮೊಸರನ್ನದ ಸಾಲಿನಲ್ಲೇ. ಬಿ.ಎ. ಮುಗಿಸಿ ಕೆಲಸ ಕೇಳಲು ಬಂದವನು. ಉಂಡೆದ್ದವನೇ ಓದು ಬರದವರ ಅರ್ಜಿ ಬರೆದುಕೊಡೋಕೆ ಕೂತ. ಹದಿನೈದು ವರ್ಷ ಏಳಲಿಲ್ಲ. ದೇವರು ನಮಗೆ ಮಕ್ಕಳು ಕೊಡಲಿಲ್ಲ. ನಿಮಗೆ ತಮ್ಮ ಅಂದರೂ ಅವನೇ, ಮಗ ಅಂದರೂ ಅವನೇ. ನೀವು ಸಣ್ಣ ನೀರಾವರಿ ಮಂತ್ರಿ ಆದಾಗ ನಿಂಬೆಹಣ್ಣಿಗೆ ಬುಟ್ಟಿ ಸಾಲದೆ ಬಕೆಟ್ಟು ಇಟ್ಟೆವಲ್ಲ, ಆಗ ಅವನು, "ಅತ್ತಿಗೆ, ಅಣ್ಣ ಮುಖ್ಯಮಂತ್ರಿ ಆದರೆ ನಾವು ಉಪ್ಪಿನಕಾಯಿ ಫ್ಯಾಕ್ಟರಿ ಹಾಕಬೇಕಾಗುತ್ತೆ" ಅಂತ ನಗಿಸಿದ್ದ. ಎರಡು ವರ್ಷ ನೀವು ಮನೆಯಲ್ಲಿ ನಿಂತಿದ್ದೇ ಇಲ್ಲ. ಇಂಜಿನಿಯರುಗಳನ್ನು ಏರಿಯ ಮೇಲೆ ನಿಲ್ಲಿಸಿ, ನೀವು ಪಂಚೆ ಎತ್ತಿ ಕಟ್ಟಿಕೊಂಡು ಕೆರೆ ಅಂಗಳಕ್ಕೆ ಇಳಿದು, ನೀರು ಎಲ್ಲಿಂದ ಬರುತ್ತಿತ್ತಪ್ಪ ಅಂತ ಮುದುಕರನ್ನು ಕೇಳುತ್ತಿದ್ದಿರಂತೆ. ಆ ಪಂಚೆಯ ಕೆಸರು ಒಗೆದು ಒಗೆದು...

ಪಕ್ಷ ಒಡೆದ ಬೆಳಿಗ್ಗೆ ನಂಜುಂಡ ನಿಮ್ಮ ಕಾಲ ಹತ್ತಿರ ಕೂತು ಬೇಡಿಕೊಂಡ. ಎಲ್ಲರೂ ಆ ಕಡೆ ಹೋಗುತ್ತಿದ್ದಾರೆ, ಈ ಕಡೆ ಉಳಿದರೆ ಮುಗಿದೇ ಹೋಯಿತು ಅಂದ. ಮೊದಲು ಟಿಕೆಟ್ ಕೊಟ್ಟವರನ್ನು ಬಿಟ್ಟು ಬರಲ್ಲ, ನೀನು ಬೇಕಾದರೆ ಹೋಗು ಅಂದಿರಿ ನೀವು. ಅವನು ಹೋದ. ಹೋಗಲಿ, ಅಷ್ಟಕ್ಕೇ ನಿಂತನಾ? ಮುಂದಿನ ಚುನಾವಣೆಯಲ್ಲಿ ನಿಮ್ಮ ಎದುರಿಗೇ ನಿಂತ, ಗೆದ್ದ. ರೇಡಿಯೋದಲ್ಲಿ ಅವನ ಹೆಸರು ಹೇಳಿದಾಗ ನೀವು, "ಚೆನ್ನಾಗಿ ಓಡಾಡಿದ್ದಾನೆ" ಅಂದಿರಿ ಅಷ್ಟೇ. ನಾನು ಮಾತ್ರ ಅವನಿಗೆ ಬಡಿಸಿದ ಅನ್ನವನ್ನೆಲ್ಲ ನೆನೆದು ನೆನೆದು ಶಾಪ ಹಾಕಿದೆ.

ಸೋತ ಮೇಲೂ ಬೆಳಿಗ್ಗೆ ಎಂಟಕ್ಕೆ ಗಡ್ಡ ಕೆರೆದು, ಬಿಳಿ ಜುಬ್ಬಾ ಹಾಕಿ ಜಗಲಿಯಲ್ಲಿ ಕೂರುತ್ತಿದ್ದಿರಿ. ಮೊದಮೊದಲು ನಾಲ್ಕು ಜನ, ಆಮೇಲೆ ಇಬ್ಬರು, ಆಮೇಲೆ... ಆ ವರ್ಷ ಉಪ್ಪಿನಕಾಯಿಗೆ ಗಾಂಧಿ ಬಜಾರಿಗೆ ಹೋಗಿ ನಾನೇ ಹಣ್ಣು ತಂದೆ. ನೀವು ಜಾಡಿ ನೋಡಿ, ಮತ್ತೆ ಜಗಲಿಗೆ ಹೋಗಿ ಕೂತಿರಿ. ಬೆಂಚು ಬರಿದಾಗಿ ಕಾಣಬಾರದು ಅಂತ ನಾನು ಅವರೆಕಾಯಿ ಮೊರ ಹಿಡಿದು ಅಲ್ಲಿ ಬಂದು ಕೂರುತ್ತಿದ್ದೆ. "ನಿಮ್ಮ ಸಮಸ್ಯೆ ಏನಮ್ಮಾ?" ಅಂತ ಗಂಭೀರವಾಗಿ ಕೇಳುತ್ತಿದ್ದಿರಿ. ನಲ್ಲಿಯಲ್ಲಿ ನೀರಿಲ್ಲ ಸ್ವಾಮಿ ಅನ್ನುತ್ತಿದ್ದೆ. ಬರೆದುಕೊಳ್ಳೋಕೆ ನಂಜುಂಡ ಬರಲಿ ಅನ್ನುತ್ತಿದ್ದಿರಿ. ಅಲ್ಲಿಗೆ ಇಬ್ಬರ ನಗುವೂ ನಿಂತುಹೋಗುತ್ತಿತ್ತು.

ಲಕ್ವ ಹೊಡೆದು ನಿಮ್ಮ ಬಲಗೈ, ಮಾತು ಎರಡೂ ಹೋದಾಗ ಮಂಚ ನಡುಮನೆಗೆ ಹಾಕಿದೆವು. ಅಲ್ಲಿಂದ ಗೇಟು ಕಾಣದು, ಸದ್ದು ಮಾತ್ರ ಕೇಳುತ್ತಿತ್ತು. ಸದ್ದಾದಾಗಲೆಲ್ಲ ತಲೆ ಎತ್ತಿ "ನಂಜ?" ಅನ್ನುತ್ತಿದ್ದಿರಿ. ಅಸೆಂಬ್ಲಿಯಲ್ಲಿ ಗಂಟೆಗಟ್ಟಲೆ ಮಾತಾಡಿದ ಬಾಯಲ್ಲಿ ಉಳಿದದ್ದು ಅದೊಂದು ಮಾತು. ನನ್ನ ಹೆಸರೂ ಅಲ್ಲ. ಹೊಟ್ಟೆಕಿಚ್ಚು ಪಟ್ಟೆನಾ? ಪಟ್ಟೆ, ಸುಳ್ಳು ಯಾಕೆ ಹೇಳಲಿ.

ಆ ಶುಕ್ರವಾರ ನಾನು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದೆ. ಗೇಟು ಸದ್ದಾಯಿತು. ತಲೆ ಎತ್ತಿದರೆ ನಂಜುಂಡ. ಕಾರಿಲ್ಲ, ಹಿಂದೆ ಮುಂದೆ ಜನ ಇಲ್ಲ, ಒಬ್ಬನೇ. ಕೈಯಲ್ಲಿ ನಿಂಬೆಹಣ್ಣು, ಅದಕ್ಕೆ ಮೈತುಂಬಾ ಕುಂಕುಮ. ನೋಡಿದ ತಕ್ಷಣ ರಂಗೋಲಿ ಬಿಟ್ಟು ಎದ್ದೆ. ಕುರ್ಚಿ ಕಿತ್ತುಕೊಂಡವನು, ಈಗ ಜೀವಕ್ಕೂ ಮಾಟ ಮಾಡಿಸಿಕೊಂಡು ಬಂದಿದ್ದಾನೆ ಅಂತಲೇ ತಿಳಿದೆ. ಅವನು ನೀಡಿದ ಹಣ್ಣನ್ನು ಕೈಯಲ್ಲಿ ಮುಟ್ಟದೆ ಹಳೇ ಪೇಪರಿನಲ್ಲಿ ಹಿಡಿದು, ಮೂರು ದಾರಿ ಕೂಡೋ ಕಡೆ ಎಸೆದು ಬಂದೆ. ಅವನು ನಿಂತೇ ಇದ್ದ.

"ಅತ್ತಿಗೆ, ಹದಿನೈದು ವರ್ಷ ನಿಮ್ಮ ಕೈ ಅನ್ನ ತಿಂದವನು. ಅಣ್ಣಂಗೆ ನಾನು ಕೇಡು ಬಗೀತೀನಾ? ಒಂದು ಸಲ ಮುಖ ನೋಡಿ ಹೋಗ್ತೀನಿ."

"ಮುಖ ನೋಡೋನು ಎದುರಿಗೆ ನಿಲ್ಲೋಕೆ ಮುಂಚೆ ನೋಡಬೇಕಿತ್ತು," ಅಂದು ಗೇಟು ಹಾಕಿದೆ. ಒಳಗೆ ಬಂದರೆ ನೀವು ತಲೆ ಎತ್ತಿದ್ದಿರಿ. "ನಂಜ?" ಅಂದಿರಿ. ಹಾಲಿನವನು ಕಣ್ರೀ ಅಂದೆ. ತಲೆ ಮತ್ತೆ ದಿಂಬಿಗೆ ಬಿತ್ತು. ಅದಾಗಿ ಒಂಬತ್ತನೇ ದಿನ ನೀವು...

ನಿಮ್ಮ ಕರ್ಮವೆಲ್ಲ ಮುಗಿದ ಮೇಲೆ ಬೀದಿ ಕೊನೆಯ ಅಮ್ಮನ ಗುಡಿಗೆ ಹೋಗಿದ್ದೆ. ಅರ್ಚಕರು ತೀರ್ಥ ಕೊಡುತ್ತಾ, "ಎಂಎಲ್‌ಎ ನಂಜುಂಡಪ್ಪನವರು ಪ್ರತಿ ಶುಕ್ರವಾರ ನಡೆದೇ ಬಂದು ನಿಮ್ಮ ಯಜಮಾನರ ಹೆಸರಲ್ಲಿ ಅರ್ಚನೆ ಮಾಡಿಸ್ತಿದ್ರು ತಾಯಿ. ಕೊನೇ ಸಲ ಅಮ್ಮನ ಪಾದದ ನಿಂಬೆಹಣ್ಣೇ ಕೊಟ್ಟು ಕಳಿಸಿದ್ದೆ. ತಲುಪಿತಲ್ಲ?" ಅಂದರು. ನಿಮ್ಮ ಅನೂರಾಧಾ ನಕ್ಷತ್ರ ಕೂಡ ಅವನು ಮರೆತಿರಲಿಲ್ಲವಂತೆ. ದಿನಾ ಎರಡು ಹೊತ್ತು ದೀಪ ಹಚ್ಚುವ ನಾನು ಅಮ್ಮನ ಪ್ರಸಾದವನ್ನೇ ಬೀದಿಗೆ ಎಸೆದಿದ್ದೆ. ಈ ಮನೆಯಿಂದ ಬೀದಿಗೆ ಬಿದ್ದ ನಿಂಬೆಹಣ್ಣು ಅದೊಂದೇ ಕಣ್ರೀ. ಯಾರಿಗೆ ಹೇಳಲಿ? ಅವನ ಎದುರು ನಿಲ್ಲೋ ಧೈರ್ಯ ಬರೋಕೆ ವರ್ಷ ಹಿಡಿಯಿತು.

ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಹೋದೆ. ಅವನ ಮನೆ ಮುಂದೆ ಎಷ್ಟು ಚಪ್ಪಲಿ ಅಂತೀರಿ, ನಮ್ಮ ಮನೆ ಮುಂದೆ ಒಂದು ಕಾಲದಲ್ಲಿ ಇರುತ್ತಿದ್ದ ಹಾಗೆ. ನನ್ನ ಗುರುತು ಹಿಡಿಯುವವರು ಅಲ್ಲಿ ಒಬ್ಬರೂ ಇಲ್ಲ. ನಿಂಬೆಹಣ್ಣು ಹಿಡಿದು ನಾನೂ ಬೆಂಚಿನ ಮೇಲೆ ಕೂತೆ. ನನ್ನ ಸರದಿ ಬಂದಾಗ ಅವನು ಬರೆಯುತ್ತಾ, ತಲೆ ಎತ್ತದೆ, "ನಿಮ್ಮ ಸಮಸ್ಯೆ ಏನಮ್ಮಾ?" ಅಂದ. ಅದೇ ಮಾತು, ಅದೇ ರಾಗ. ನಾನು ನಿಂಬೆಹಣ್ಣು ಮುಂದೆ ಹಿಡಿದೆ. ಆಗ ತಲೆ ಎತ್ತಿದ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

ಪ್ರಸಾದ ಅಂತ ಗೊತ್ತಿರಲಿಲ್ಲ, ತಪ್ಪಾಯಿತು ಕಣಪ್ಪ ಅಂದೆ. ಅದು ಅವನ ಕಿವಿಗೇ ಬಿದ್ದ ಹಾಗಿರಲಿಲ್ಲ. ಅವನಿಗೆ ಬೇಕಾಗಿದ್ದೇ ಬೇರೆ. "ನಾನು ಬಂದಿದ್ದೆ ಅಂದಾಗ ಅಣ್ಣ ಏನಂದ್ರು ಅತ್ತಿಗೆ?"

ಸಂತೋಷಪಟ್ಟರು ಅಂದುಬಿಡಬಹುದಿತ್ತು. ಇನ್ನೊಂದು ಸುಳ್ಳು ಹೊರುವ ಶಕ್ತಿ ನನಗಿರಲಿಲ್ಲ. ಹೇಳಲೇ ಇಲ್ಲ, ಹಾಲಿನವನು ಅಂದುಬಿಟ್ಟೆ ಅಂದೆ.

ಅವನು ಕಣ್ಣು ಮುಚ್ಚಿಕೊಂಡ. ಹಿಂದೆ ಜನ ಗುಸುಗುಡುತ್ತಿದ್ದರು. ಆಮೇಲೆ ನನ್ನ ಕೈಯಿಂದ ನಿಂಬೆಹಣ್ಣು ತಗೊಂಡ. "ನನ್ನ ಹತ್ರ ಹೇಳಿ ಏನು ಬಂತು ಅತ್ತಿಗೆ. ಅವರಿಗೆ ಹೇಳಿ," ಅಂದ. ಬೆಂಚಿನವರು ಕಾಯುತ್ತಿದ್ದರು. ನಾನು ಎದ್ದು ಬಂದೆ.

ಬಸ್ಸಿಳಿದು ಬಂದವಳು ಸೆರಗಲ್ಲಿ ಮುಖ ಒರೆಸಿಕೊಂಡು, ನೀವು ಕೂರುತ್ತಿದ್ದ ಕುರ್ಚಿಯ ಎದುರಿನ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೀನಿ. ಕ್ಷಮಿಸಿ ಅಂತ ಕೇಳೋದಿಲ್ಲ. ತಲೆ ಎತ್ತಿ ಕೇಳಿದ್ದಿರಲ್ಲ, ಅದಕ್ಕೆ ಉತ್ತರ ಮಾತ್ರ ಕೇಳಿಸಿಕೊಳ್ಳಿ.

ಅವತ್ತು ಗೇಟು ಸದ್ದು ಮಾಡಿದ್ದು ಹಾಲಿನವನಲ್ಲ ಕಣ್ರೀ. ನಂಜುಂಡ ಬಂದಿದ್ದ.